ನೋವಿನ ಬಳೆ

ಕ್ಲಿನಿಕ್ಕಿನ ಬೆಂಚಿನ ಮೇಲೆ ಒಬ್ಬ ಗಂಡಸು ಹೆಂಡತಿಯ ಹಲ್ಲುನೋವನ್ನು ತನಗೆ ದಾಟಿಸಿಕೊಳ್ಳುವ ಬಳೆ ತೊಟ್ಟುಕೊಂಡು ನರಳುತ್ತಿದ್ದ. ಹೆಂಡತಿ ಪಕ್ಕದಲ್ಲಿ ಕೂತು ನೆಮ್ಮದಿಯಾಗಿ ಇಡ್ಲಿ ತಿನ್ನುತ್ತಿದ್ದಳು. ಅದನ್ನು ನೋಡಿ ನಗುತ್ತಲೇ ಪಂಕಜಮ್ಮ ಮಗಳು ಮೇದಿನಿಯ ಜೊತೆ ಒಳಗೆ ಹೋದರು.

“ಮುಟ್ಟಿನ ಹೊಟ್ಟೆನೋವಿಗೆಲ್ಲ ಹಾರ್ಮೋನ್ ಮಾತ್ರೆ ಬೇಡ ಡಾಕ್ಟ್ರೇ. ಮಜ್ಜಿಗೆ ಜೊತೆ ಮೆಂತ್ಯ ನುಂಗು ಅಂದ್ರೆ ಕೇಳಲ್ಲ ಇವಳು.”

ಮೇದಿನಿ ಹೊಟ್ಟೆ ಹಿಡಿದು ಬಗ್ಗಿ ಕೂತಿದ್ದಳು. ಡಾಕ್ಟರ್ ನಫೀಸಾ ವಾದಕ್ಕೆ ಹೋಗದೆ ಒಂದು ಬಳೆಯನ್ನು ಅವಳ ಕೈಗೆ, ಅದರ ಜೋಡಿಯನ್ನು ತಾಯಿಯ ಕೈಗೆ ತೊಡಿಸಿದರು. ನೋವು ತಾಯಿಗೆ ದಾಟಿತು. ಮೇದಿನಿ ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಟ್ಟಳು. ಪಂಕಜಮ್ಮನ ಮುಖ ಒಂದಿಷ್ಟೂ ಅಲುಗಲಿಲ್ಲ. ಸೆರಗಿನ ತುದಿ ಮುಷ್ಟಿಯಲ್ಲಿ ಮುದುಡಿತು, ಅಷ್ಟೇ.

“ಇಷ್ಟೇನಾ? ನಂಗೂ ಹೀಗೇ ಬರ್ತಿತ್ತು. ಇದನ್ನ ಇಟ್ಕೊಂಡೇ ಮದುವೆ ಮನೆಗಳಲ್ಲಿ ಹೋಳಿಗೆ ತಟ್ಟಿದೀನಿ.”

ನಫೀಸಾ ಆ ಮುಷ್ಟಿಯನ್ನೇ ನೋಡುತ್ತಿದ್ದರು. “ಅಮ್ಮಾ, ಇದು ಮಾಮೂಲಿ ನೋವಲ್ಲ. ನಿಮಗೂ ಆಗ್ಲೇ ಚಿಕಿತ್ಸೆ ಬೇಕಿತ್ತು.” ಆಮೇಲೆ ಮೇದಿನಿಯ ಕಡೆ ತಿರುಗಿದರು. “ಮಾತ್ರೆ ಕೆಲವರಿಗೆ ಒಗ್ಗುತ್ತೆ, ಕೆಲವರಿಗೆ ವಾಕರಿಕೆ ಬರುತ್ತೆ. ಮೂರು ತಿಂಗಳು ತಗೊಂಡು ನೋಡಬಹುದು. ಬೇಕೋ ಬೇಡ್ವೋ ನೀನೇ ಹೇಳಬೇಕು.”

ಪಂಕಜಮ್ಮ ಕೈಯ ಬಳೆಯನ್ನು ಒಮ್ಮೆ ತಿರುಗಿಸಿದರು.

“ನಮ್ಮ ಕಾಲದಲ್ಲೂ ಈ ಮಾತ್ರೆ ಇತ್ತಾ ಡಾಕ್ಟ್ರೇ?”

“ಇತ್ತಮ್ಮಾ.”

ಮೇದಿನಿ ತಾಯಿಯ ಬಳೆ ತೆಗೆಯಲು ಕೈ ಚಾಚಿದಳು. ಪಂಕಜಮ್ಮ ತಡೆದರು.

“ಇರ್ಲಿ ಬಿಡು, ನಂಗೆ ರೂಢಿ ಇದೆ. ನೀನು ನೋವಿಲ್ದೆ ಕೂತು ಯೋಚ್ನೆ ಮಾಡು.”