ಕದ್ದು ತಂದ ಕಡ್ಡಿ

ದಿನಾ ಬೆಳಿಗ್ಗೆ ಹತ್ತಕ್ಕೆ, ಎರಡು ನಿಮಿಷ ನಮ್ಮೂರಿನಲ್ಲಿ ಯಾವುದಕ್ಕೂ ಭಾರವಿರುವುದಿಲ್ಲ. ಅಷ್ಟರೊಳಗೆ ಕೊಡ ಕಟ್ಟಿ, ಕೋಳಿ ಮುಚ್ಚಿ, ಕಂಬ ಹಿಡಿದು ನಿಲ್ಲುತ್ತೇವೆ. ನೆಲಕ್ಕಂಟಿ ಹಬ್ಬುವ ಹತ್ತುಗಂಟೆ ಹೂವಿನ ಹಾಸು ಮಾತ್ರ ತನ್ನ ಮೇಲೆ ನಿಂತವರನ್ನು ಹಾರಲು ಬಿಡುವುದಿಲ್ಲ.

ಇವತ್ತು ಮೊಮ್ಮಗಳು ಇಂಚರ ಕೈ ಕೊಸರಿಕೊಂಡು ಅಂಗಳಕ್ಕೆ ಓಡಿದಳು. ಆಗಲೇ ಹತ್ತು ಹೊಡೆಯಿತು. ನನ್ನ ಜೀವ ಬಾಯಿಗೆ ಬಂತು. ಅವಳೋ, ಅರಳಿದ ಹೂಗಳ ನಡುವೆ ಗಟ್ಟಿಯಾಗಿ ನಿಂತು ನಗುತ್ತಿದ್ದಳು. ಜುಟ್ಟು ಮಾತ್ರ ನೆಟ್ಟಗೆ ಮೇಲಕ್ಕೆದ್ದಿತ್ತು.

ಗಿಡ ಕದ್ದು ನೆಟ್ಟರೇ ಚಿಗುರುವುದೆಂದು ನಂಬಿ, ಪಕ್ಕದ ಮನೆಯ ಫಿಲೋಮಿನಮ್ಮನ ಹಾಸಿನಿಂದ ಕಡ್ಡಿ ಮುರಿದು ತಂದು ಅಂಗಳದಲ್ಲಿ ಈ ಹಾಸು ಬೆಳೆಸಿದ್ದೆ. ಇವತ್ತು ಹೋಗಿ ಕೈಮುಗಿದು ಒಪ್ಪಿಕೊಂಡೆ.

"ಗೊತ್ತು ಕಣಮ್ಮಾ," ಎಂದರು. "ಮಗು ನಡೆಯೋಕೆ ಶುರು ಮಾಡಿದಾಗಿಂದ ದಿನಾ ಒಂದು ಕಡ್ಡಿ ಬೇಲಿ ಮೇಲಿಂದ ನಿಮ್ಮ ಕಡೆ ಇಳಿಬಿಡ್ತಿದ್ದೆ. ಕದಿಯೋಕೆ ಹದಿನೈದು ದಿನ ತಗೊಂಡೆಯಲ್ಲ ನೀನು!"