ಬಾಣಂತನದ ಮೈ

ಆಪರೇಷನ್ನಿನಲ್ಲಿ ಇಳಿಸಿದ ತೂಕವನ್ನು ಇನ್ನೊಬ್ಬರ ಮೈಗೆ ಏರಿಸಲೇಬೇಕಲ್ಲ, ಅದಕ್ಕೇ ಸರ್ವಮಂಗಳಮ್ಮ ಐವತ್ತೇಳನೇ ವಯಸ್ಸಿನವರೆಗೂ ಬೇಡವೆಂದಿದ್ದರು. ಮಂಡಿ ಸವೆದ ಮೇಲೆ ಮಗಳೇ "ನಾನು ಹೊರ್ತೀನಮ್ಮ" ಎಂದು ಹಟ ಹಿಡಿದಳು. ಆದರೂ ತೂಕ ಹೊರುವವರೆಂದು ಮಗಳ ಹೆಸರು ಬರೆದಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅವರಿಗೆ ಕೈ ಏಳಲಿಲ್ಲ.

ಹಳೆಯ ದಾಖಲೆ ನೋಡಿದ ಡಾಕ್ಟರು ಹುಬ್ಬೇರಿಸಿದರು. "ನಿಮ್ಮ ತೂಕದಲ್ಲಿ ಇಪ್ಪತ್ತಾರು ಕಿಲೋ ನಿಮ್ಮದಲ್ಲಮ್ಮ. ಹೆರಿಗೆಯ ದಿನ ಏರಿಸಿದ್ದಾರೆ. ನಿಮಗೆ ಎಚ್ಚರ ಇರಲಿಲ್ಲ ಅಂತ ನಿಮ್ಮ ಪರವಾಗಿ ಯಜಮಾನರು ಸಹಿ ಹಾಕಿದ್ದಾರೆ. ತೂಕವೂ ಅವರದೇ."

ಸರ್ವಮಂಗಳಮ್ಮ ತಿರುಗಿ ನೋಡಿದರು. ಮೂವತ್ತು ವರ್ಷ "ಬಾಣಂತನದ ಮೈ, ಬಾಯಿ ಕಟ್ಟು" ಎಂದು ಅವರ ತಟ್ಟೆಯಿಂದ ಹೋಳಿಗೆ ಎತ್ತಿಟ್ಟ ಗಂಡ ಪಕ್ಕದಲ್ಲೇ ಕಡ್ಡಿಯಂತೆ ಕೂತಿದ್ದರು.

"ಹೆರಿಗೆ ಆದವರು ಹೇಗೂ ದಪ್ಪ ಆಗ್ತಾರಲ್ಲ, ಗೊತ್ತಾಗಲ್ಲ ಅಂತ..." ಎಂದರು ಗಂಡ.

ಸರ್ವಮಂಗಳಮ್ಮ ಮಗಳ ಹೆಸರು ಹೊಡೆದುಹಾಕಿ, ಪೆನ್ನನ್ನು ಗಂಡನ ಕೈಗಿಟ್ಟರು.

"ನಿಮಗೆ ಎಚ್ಚರ ಇದೆಯಲ್ಲ, ನೀವೇ ಸಹಿ ಹಾಕಿ."