ಬಾಣಂತಿ ಗುಡಿಸಲ ಕಾವಲು

ತಲೆದೆಸೆಯಲ್ಲಿದ್ದ ಕುಡುಗೋಲು ಇರಲಿಲ್ಲ.

ಇಂದ್ರಮ್ಮ ಚಾಪೆ ಎತ್ತಿ ನೋಡಿದಳು, ಗೋಣಿತಾಟು ಕೊಡವಿ ನೋಡಿದಳು. ಎಲ್ಲೂ ಇಲ್ಲ. ಹೆತ್ತು ಇಪ್ಪತ್ತೆರಡು ದಿನವಾಗಿತ್ತಷ್ಟೆ. ಬಾಣಂತಿಯ ತಲೆದೆಸೆಯಲ್ಲಿ ಕಬ್ಬಿಣವಿದ್ದರೆ ಗಾಳಿ, ಸೋಕು ಕೂಸಿನ ಹತ್ತಿರ ಸುಳಿಯುವುದಿಲ್ಲವೆಂಬುದು ಹಾದಿಯಲ್ಲಿ ಹೋಗುವವರಿಗೂ ಗೊತ್ತು. ನಾಲ್ಕು ಹೆತ್ತ ಅತ್ತೆ ಸಣ್ಣತಾಯಮ್ಮನಿಗೆ ಗೊತ್ತಿಲ್ಲದೆ ಇರುತ್ತದೆಯೇ?

"ಅತ್ತೆಮ್ಮ, ಕುಡ್ಲು ಎಲ್ಲಿ?"

"ನಾನೇ ತಗುದ್ಬುಟ್ಟೆ."

"ಯಾಕೆ?"

"ಬ್ಯಾಡ ಅನ್ನುಸ್ತು." ಅತ್ತೆ ಒಂದು ಹಳೇ ಪೊರಕೆ ತಂದು ಅದೇ ಜಾಗದಲ್ಲಿಟ್ಟಳು. "ಇದೂ ಆಯ್ತದೆ."

ಅದೇನು ಮಾತೋ! ಕಬ್ಬಿಣ ಇರಬೇಕಾದ ಕಡೆ ಕಸ ಗುಡಿಸುವ ಕಡ್ಡಿ ಇಟ್ಟು, ಇದೂ ಆಗುತ್ತದಂತೆ.

ಯುದ್ಧ ಶುರುವಾದ ಮಾರನೆಯ ವರ್ಷ ಅದು. ಮಳವಳ್ಳಿ ಸೀಮೆಯ ಆ ಊರಿನಲ್ಲಿ ಪ್ಲೇಗಿನ ಇಲಿ ಬಿದ್ದ ಮೇಲೆ ಒಬ್ಬರೂ ಮನೆಯಲ್ಲಿ ಉಳಿದಿರಲಿಲ್ಲ. ಬಾಗಿಲಿಗೆ ಮುಳ್ಳು ಬಡಿದು, ಬಂಡೂರಿನ ಕಡೆಯ ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡಿದ್ದರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು, ಆದರೆ ತವರು ಕಿರುಗಾವಲಿನಲ್ಲೂ ಪ್ಲೇಗು. ಗಂಡ ನಿಂಗಯ್ಯ ಮದ್ದೂರಿನ ಕಡೆಯ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಕಾಯುತ್ತಿದ್ದ. ವಾರಕ್ಕೊಮ್ಮೆ ಬಂದು, ದೂರದಲ್ಲೇ ನಿಂತು ನೋಡಿ ಹೋಗುತ್ತಿದ್ದ. ಅವಳೂ ಕೂಸೂ ಅತ್ತೆಯ ಕೈಯಲ್ಲಿದ್ದರು.

ಆ ಕೈ ಎಂಥದ್ದು? ಇಪ್ಪತ್ತೆರಡು ದಿನದಲ್ಲಿ ಒಮ್ಮೆಯೂ ಕೂಸನ್ನು ಎತ್ತಿರಲಿಲ್ಲ. ಕೂಸು ಎಷ್ಟೇ ಅತ್ತರೂ ಮುದುಕಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಲ್ಲುತ್ತಿದ್ದಳು. ಕೂಸಿಗೆ ನೀರೆರೆಯುವುದಕ್ಕೂ ಪಕ್ಕದ ಗುಡಿಸಲಿನ ಹೊಂಬಾಳಮ್ಮನೇ ಬರಬೇಕು. ಮೊನ್ನೆ ಜೋಲಿಯ ಹಗ್ಗ ಬಿಚ್ಚಿ ಯಾರಿಗೋ ಕೊಟ್ಟುಬಿಟ್ಟಳು. ಮಲಗುವುದು ಬಾಗಿಲಿಗೆ ಅಡ್ಡವಾಗಿ. ನೋಡುವುದು ಕೂಸನ್ನಲ್ಲ, ಇಂದ್ರಮ್ಮನ ಕೈಗಳನ್ನು.

ಮಧ್ಯಾಹ್ನ ಮಾತ್ರ ಹೊಂಬಾಳಮ್ಮನನ್ನು ಬಾಗಿಲಲ್ಲಿ ಕೂರಿಸಿ ಎಲ್ಲಿಗೋ ಹೋಗುತ್ತಿದ್ದಳು. ಎಲ್ಲಿಗೆ ಅಂದರೆ ಬಾಯಿ ಬಿಡುತ್ತಿರಲಿಲ್ಲ.

"ನಮ್ಮತ್ತೆಮ್ಮ ಯಾಕೆ ಕೂಸ ಮುಟ್ಟಾಕಿಲ್ಲ? ಎಣ್ಣು ಅಂತಲಾ?" ಇಂದ್ರಮ್ಮ ಕೇಳಿಯೇಬಿಟ್ಟಳು.

"ಅವ್ಳು ಯಾರ ಕೂಸ್ನೂ ಎತ್ಕಳಾಕಿಲ್ಲ ಕಣವ್ವ. ನಿನ್ ಗಂಡನ್ನೂ ಎತ್ತಾಡ್ಸಿದ್ದು ನಮ್ಮವ್ವನೇಯ," ಎಂದಳು ಹೊಂಬಾಳಮ್ಮ.

ಹೆತ್ತ ಮಗನನ್ನೇ ಎತ್ತದವಳು. ಇಂದ್ರಮ್ಮನಿಗೆ ಎಲ್ಲಾ ಅರ್ಥವಾದಂತಾಯಿತು. ಇವಳಿಗೆ ಹೆಣ್ಣುಕೂಸು ಬೇಡ. ಗಾಳಿಯೇ ಬಂದು ಕೊಂಡೊಯ್ಯಲಿ ಎಂದು ಕುಡುಗೋಲು ತೆಗೆದಿದ್ದಾಳೆ. ಮಧ್ಯಾಹ್ನ ಮಾಟದವರ ಹತ್ತಿರ ಹೋಗುತ್ತಿರಬೇಕು.

ನಾಲ್ಕು ದಿನದಿಂದ ಅವಳು ರೆಪ್ಪೆ ಮುಚ್ಚಿರಲಿಲ್ಲ. ಗುಡಿಸಲ ಮುಂದೆ ದಿನಾ ಒಂದಾದರೂ ಹೆಣ ಹಾದು ಹೋಗುತ್ತಿತ್ತು. ಅವಳು ಕೂಸಿನ ಕಂಕುಳು ಒತ್ತಿ ನೋಡುತ್ತಿದ್ದಳು, ತೊಡೆಸಂದಿ ಒತ್ತಿ ನೋಡುತ್ತಿದ್ದಳು. ಪ್ಲೇಗಿನ ಗಡ್ಡೆ ಇಲ್ಲ. ಹತ್ತು ಎಣಿಸುವುದರೊಳಗೆ ಮತ್ತೆ ಒತ್ತುತ್ತಿದ್ದಳು. ಕೂಸು ಚೀರುತ್ತಿತ್ತು. ಇವತ್ತಿಲ್ಲದಿದ್ದರೆ ನಾಳೆ ಬರುತ್ತದೆ. ಅಂಗೈಯಷ್ಟಿರುವ ಜೀವ ಮೂರು ದಿನ ಹೊರಳಾಡಿ ಸಾಯಬೇಕು. ಇಲ್ಲವೇ ಈ ಮುದುಕಿ ಸಾಯಿಸುತ್ತಾಳೆ. ಅದಕ್ಕಿಂತ ಹೆತ್ತವಳ ಕೈಯಲ್ಲೇ, ನೋವಿಲ್ಲದೆ, ತಣ್ಣಗೆ ಹೋಗಿಬಿಟ್ಟರೆ?

ಈ ಯೋಚನೆ ಬಂದ ಮೇಲೆ ಅವಳಿಗೆ ಎಷ್ಟೋ ನಿರಾಳವಾಯಿತು. ಎದೆ ಡವಗುಟ್ಟುವುದು ನಿಂತಿತು. ಕೂಸಿಗೆ ಹಾಲು ಕುಡಿಸಿ, ಹಣೆಗೆ ಕಪ್ಪು ಇಟ್ಟಳು.

ಮಾರನೆಯ ಮಧ್ಯಾಹ್ನ ಅತ್ತೆ ಎಂದಿನಂತೆ ಹೋದಳು. ಸುತ್ತಿನವರೆಲ್ಲ ಗದ್ದೆಗೆ ಕುಯಿಲಿಗೆ ಹೋಗಿದ್ದರು. ಕಾವಲಿಗೆ ಕೂತ ಹೊಂಬಾಳಮ್ಮ ತೂಕಡಿಸುತ್ತಿದ್ದಳು. ಇಂದ್ರಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಅವಳ ಕಾಲು ದಾಟಿ ಹೊರಬಂದಳು. ಹೊಲದ ಅಂಚಿನಲ್ಲಿ ಮೆಟ್ಟಿಲ ಬಾವಿಯಿತ್ತು.

ಬಾವಿಯ ಮೂರನೇ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದಳು.

"ಬಂದ್ಯಾ," ಎಂದಳು ತಿರುಗದೆಯೇ. "ದಿನಾ ಈ ಒತ್ಗೆ ಇಲ್ಲೇ ಕಾಯ್ಕಂಡು ಕೂತಿರ್ತೀನಿ."

ಇಂದ್ರಮ್ಮನ ಕಾಲು ನಿಂತಲ್ಲೇ ನಿಂತಿತು. "ಕೂಸ್ಗೆ ಗಡ್ಡೆ ಬತ್ತದೆ ಅತ್ತೆಮ್ಮ. ನರಳ್ಕಂಡು ಸಾಯೋದ್ಕಿಂತ..."

"ನರಳ್ಕಂಡು ಸಾಯೋದ್ಕಿಂತ ತಣ್ಗೆ ಓಗ್ಲಿ ಅಂತ ಬಂದೆ. ಅಲ್ವಾ?"

"ನೀವೇ ಕುಡ್ಲು ತಗುದ್ರಿ. ಗಾಳಿ ಬಂದು ಕೊಂಡೋಗ್ಲಿ ಅಂತ."

"ಗಾಳೀಗಲ್ಲ ಮಗ. ನಿನ್ ಕೈಗೆ ಎದ್ರಿ ತಗುದ್ದೆ."

"ನಂಗೇನು ಉಚ್ಚಾ?"

"ಉಚ್ಚಲ್ಲ. ಬಾಣಂತಿ ಸನ್ನಿ. ಬತ್ತದೆ, ಓಯ್ತದೆ. ಓಗೋ ಗಂಟ ಬಾಣಂತೀನ ಒಬ್ಳೇ ಬುಡಬಾರ್ದು, ಅಷ್ಟೇಯ." ಅತ್ತೆ ಎದ್ದು ಬಂದು, ಸೆರಗಿನೊಳಗಿನ ಎರಡೂ ಕೈ ಹೊರಗೆ ತೆಗೆದು ಚಾಚಿದಳು. "ಕೊಡು ಇಲ್ಲಿ."

ಇಂದ್ರಮ್ಮ ಕೊಡಲಿಲ್ಲ. "ಇದೆಲ್ಲ ನಿಮ್ಗೆ ಎಂಗ್ ಗೊತ್ತು?"

"ನಿಂಗನ್ಗಿಂತ ಮುಂಚೆ ಒಂದು ಎಣ್ಣುಕೂಸಿತ್ತು ನಂಗೆ."

"ಅವ್ರು ಏಳವ್ರೆ. ಆಗಿನ ಪಿಲೇಗ್ನಲ್ಲಿ ಜ್ವರ ಬಂದು ಓಯ್ತಂತೆ."

"ಊರ್ಗೆಲ್ಲ ಅಂಗಂತ ಏಳ್ದೋಳು ನಾನೇಯ." ಅತ್ತೆ ಮೊದಲ ಸಲ ಕೂಸಿನ ಮುಖ ನೋಡಿದಳು.

"ಅದ್ಕೆ ಜ್ವರ ಬಂದೇ ಇರ್ನಿಲ್ಲ ಕಣಮ್ಮ."